ಕೆಳಗಿನವು ಅದಾವ

ದೊಡ್ಡಾಸ್ಪತ್ರಿಯ ಗಾಜಿನ ಗೂಡಿನ್ಯಾಗ ಕುಂದ್ರಿಸಿ
ಡಾಕ್ಟರಮ್ಮ ಗೆರಿ ಎಳದು ತೋರಿಸಿದ್ಲು.
ಎಡಗಡಿಯಿಂದ ಸಮ ಹೊಂಟ ಗೆರಿ
ಬಲಕ್ಕ ಬಂದು ದಬಕ್ಕನ ಬಿದ್ದಿತ್ತು,
ಸಂಡೂರಾಗ ಅಗದು ಬಿಟ್ಟ ಗುಡ್ಡದ ಅಂಚಿನಂಗ.
"ಮ್ಯಾಲಿನ ದನಿ ಹೋಗ್ಯಾವ ತಿಪ್ಪೇರುದ್ರಪ್ಪಾ,
ಕೆಳಗಿನವು ಅದಾವ."

ಇಪ್ಪತ್ತೆರಡು ವರ್ಷ ಅದಿರು ಅರಿಯೋ ಮಿಲ್ಲಿನ ಪಕ್ಕ ನಿಂತವಗ
ಮೊದಲನೆ ಮಾತು ಹೊಸಾದಲ್ಲ.
ಎರಡನೇದನ್ನ ಮಾತ್ರ, ಕೌಲ್ ಬಜಾರ ಬರೂತನಕ,
ಜೇಬಿನ ಚಿಲ್ಲರದಂಗ ಎಣಿಸಿಕೋತ ಬಂದೆ.
ಅದಾವ ಅಂದ್ರ, ಇದ್ದದ್ದನ್ನ ಚೊಲೊ ಕೇಳಬೇಕು.

ಪಿ.ಎಫ್. ರೊಕ್ಕ ಮುರದು ಪ್ಲೇನಾರ್ ಹೆಡ್‌ಫೋನು ತರಿಸಿದೆ.
ಅರ್ಧ ಕಿಲೊ! ಸಂತ್ಯಾಗ ಬದನಿಕಾಯಿ ತೂಗಿದಂಗ.
ಒಳಗ ಕೋನಿಲ್ಲ, ಸುರುಳಿಯಿಲ್ಲ,
ಉಳ್ಳಾಗಡ್ಡಿಯ ಒಳಪದರಿಗಿಂತ ತೆಳು ಒಂದು ಹಾಳಿ,
ಅದರ ಮ್ಯಾಲೆ ತಂತಿಯ ರಂಗೋಲಿ,
ಆಕಡಿ ಈಕಡಿ ಕಾವಲು ನಿಂತ ಮ್ಯಾಗ್ನೆಟ್ಟಿನ ಸಾಲು.
ಮ್ಯಾಗ್ನೆಟ್ಟಿನ್ಯಾಗ ಮೂರರಾಗ ಎರಡು ಪಾಲು ಕಬ್ಬಿಣವಂತ.
ಎಲ್ಲಿ ಕಬ್ಬಿಣೋ, ಕೇಳಲಿಲ್ಲ.

ಮೊಬೈಲಿಗೆ ಚುಚ್ಚಿ ಕರಡಿ ಮಜಲು ಹಚ್ಚಿದೆ,
ಕೊಪ್ಪಳದ ಕಡಿಯವರದು.
ಗವ್ ಅನ್ನಬೇಕಾದ ಕರಡಿ
ತಗಡಿನ ಡಬ್ಬಿ ಬಡದಂಗ ಬಂತು.
ವಾಲ್ಯೂಮು ಏರಿಸಿದೆ.
ದೊಡ್ಡ ಡಬ್ಬಿ ಆತು, ಅಷ್ಟ.

ಬೆಂಗಳೂರು ರೋಡಿನ ಗಾದಿಲಿಂಗ, ಮೋಟರ್ ವೈಂಡಿಂಗ್ ಮಾಡಾವ,
ಹಲ್ಲಾಗ ತಾಮ್ರದ ತಂತಿ ಕಚ್ಚಿಗೊಂಡ ಅಂದ:
"ಬೋರಿನ ಮೋಟರಿಗೆ ಟಾರ್ಚಿನ ಸೆಲ್ ಹಾಕಿ
ನೀರು ಬರವಲ್ದು ಅಂತಿಯಲ್ಲೋ ಮಾರಾಯ.
ಇದು ಕೂಗಿದ್ರ ಏಳೂದಲ್ಲ.
ಕರೆಂಟು ಹರೀಬೇಕು, ಡ್ಯಾಮಿನಿಂದ ಕಾಲುವಿಗೆ ಬಿಟ್ಟಂಗ."
ಎಂಟು ದಿನಕ್ಕ ಬಿಸ್ಕೀಟಿನ ಡಬ್ಬಿಯೊಳಗ ಆಂಪ್ಲಿಫೈಯರು ಕೊಟ್ಟ,
ಕೈಲೆ ಸುತ್ತಿದ ಟ್ರಾನ್ಸ್‌ಫಾರ್ಮರು,
ಮುಟ್ಟಿದ್ರ ಹಾಲು ಕುಡದ ಬೆಕ್ಕಿನ ಹೊಟ್ಟಿಯಂಗ ಬೆಚ್ಚಗ.
ಗುಂಯ್ ಅಂತಿತ್ತು. ಅರ್ಥಿಂಗ್ ಇಲ್ಲ ಅಂದ.
ಹಿತ್ತಲಾಗ ತಂತಿ ಹುಗದು, ಉಪ್ಪು ಇದ್ದಲಿ ಸುರದು, ನೀರು ಹಾಕಿದೆ.
ಗುಂಯ್ ಸತ್ತಿತು.

ಆದ್ರೂ ತಳ ಎಲ್ಲೋ ಸೋರತಿತ್ತು.
ನಾಕು ದಿನ ಹುಡುಕಿದ ಮ್ಯಾಲೆ ಸಿಕ್ಕಿತು ಕಳ್ಳ:
ನನ್ನ ಚಾಳೀಸಿನ ಕಾಲು.
ದಿಂಬಿಗೂ ಕೆನ್ನಿಗೂ ನಡುವ ಕಡ್ಡಿಯಷ್ಟು ಸಂದಿ.
ಕೊಡ ಖಾಲಿ ಆಗಾಕ ತೂತು ದೊಡ್ಡದಿರಬೇಕಂತಿಲ್ಲ.
ಚಾಳೀಸು ತೆಗದೆ. ಲೋಕ ಮಸಕಾತು.
ಕರಡಿ ಬಂತು.

ಕಿವಿಗಲ್ಲ, ಮೊದಲು ದವಡಿಗೆ ಬಂತು.
ಕಾರಿನ್ಯಾಗ ಹುಡುಗರು ಹಚ್ಚಿಕೊಂಡು ಹೋಗೋ ಡಬ್ ಡಬ್ ಅಲ್ಲ.
ಇದು ಗುದ್ದೂದಿಲ್ಲ. ನೆಲ ಉಸಿರು ತಗೊಂಡಂಗ ಏರತೈತಿ,
ಇಳಿಬೇಕಾದಲ್ಲಿ ಇಳದು ಸುಮ್ಮನಾಗತೈತಿ.
ಬಾರಿಸಾವನ ಮುಂಗೈ ಎಷ್ಟು ದಣದಿತ್ತು
ಅನ್ನೂದು ಸೈತ ತಿಳೀತು.

"ಮನಿಯಾಗ ಯಾಕ ಹೆಲ್ಮೆಟ್ಟು?" ಅಂದ್ಲು ಸುಂಕಮ್ಮ.
ಇಸಗೊಂಡ್ಲು. ಬೆಂಡೋಲೆ ಅಡ್ಡ ಬಂತು,
ಬಿಚ್ಚಿ ಉಡಿಯಾಗಿಟ್ಟು ಹಾಕ್ಕೊಂಡ್ಲು.
ಮುಗಿಯೂತನಕ ಪಿಟ್ಟೆನ್ನಲಿಲ್ಲ.
"ಕರಡಿ ಇರಲಿ ಬಿಡು,
ಆ ತಾಳದಾವ ಎಷ್ಟು ಚೊಲೊ ಹಾಕ್ಯಾನ!"

"ಯಾವ ತಾಳ?"

ಆಕಿ ನನ್ನ ಮುಖ ನೋಡಿದ್ಲು.
ಆಮ್ಯಾಲೆ ಅದನ್ನ ನನ್ನ ತಲಿಗಿಟ್ಟು, ಮತ್ತ ಹಚ್ಚಿ,
ಒತ್ತಿಗೆ ಬಂದು ಕುಂತ್ಲು.
ಹೆಡ್‌ಫೋನಿನ ಬೆನ್ನಿಗೆ ಬರೇ ಜಾಲರಿ,
ಒಳಗಿನದು ಹೊರಗ ಸೋರತೈತಿ, ಅದನ್ನ ಆಕಿ ಕೇಳತಿದ್ಲು.
ನನ್ನ ಮೊಣಕಾಲ ಮ್ಯಾಲೆ ಎರಡು ಬೆರಳು ಇಟ್ಟು
ತಟ್ಟಿದ್ಲು: ಇಲ್ಲಿ.
ಇಲ್ಲಿ.
ಮತ್ತ, ತಡಿ, ಇಲ್ಲಿ.